ಅರ್ಧ ಆದರೆ ಸಾಲದು, ಮಡಚಿದರೆ ಕೂರಬೇಕು

ಓದುಗರ ಪ್ರಶ್ನೆ, ಟೀಚರ್ ಉತ್ತರ

ಮಕ್ಕಳಿಗೆ ಸಮಮಿತಿ ರೇಖೆ ಕಲಿಸುವಾಗ ನಿಮಗೆ ಎಲ್ಲಿ ತೊಡಕಾಯಿತು, ಬರೆದು ಕಳಿಸಿ ಅಂತ ಕೇಳಿದ್ದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಪತ್ರ ಬಂದಿವೆ. ಓದಿ ಖುಷಿಯಾಯಿತು, ಯಾಕೆಂದರೆ ಯಾರೂ "ಉತ್ತರ ಹೇಳಿಬಿಡಿ" ಅಂತ ಕೇಳಿಲ್ಲ, ಮಗುವಿಗೆ ಹೇಗೆ ತಿಳಿಸಲಿ ಅಂತ ಕೇಳಿದ್ದೀರಿ. ಈ ಪದ ಮರೆತುಹೋಗಿರುವವರಿಗೆ ಒಂದು ಮಾತು. ಒಂದು ಆಕಾರವನ್ನು ಯಾವ ಗೆರೆಯ ಮೇಲೆ ಮಡಚಿದರೆ ಒಂದು ಅರ್ಧ ಇನ್ನೊಂದು ಅರ್ಧದ ಮೇಲೆ ಅಂಚಿಗೆ ಅಂಚು ಸರಿಯಾಗಿ ಕೂರುತ್ತದೋ, ಆ ಗೆರೆಯೇ ಸಮಮಿತಿ ರೇಖೆ. ಅಷ್ಟೇ.

ಪ್ರಶ್ನೆ: ಮೇಡಂ, ನನ್ನ ಮಗ ಆರನೇ ಕ್ಲಾಸು. ಆಯತಕ್ಕೆ ನಾಲ್ಕು ಸಮಮಿತಿ ರೇಖೆ ಅಂತ ಬರೆದಿದ್ದಾನೆ. ಎರಡೇ ಕಣೋ ಅಂದರೆ, "ಮೂಲೆಯಿಂದ ಮೂಲೆಗೆ ಗೆರೆ ಎಳೆದ್ರೂ ಎರಡು ಸಮ ಭಾಗ ಆಗುತ್ತಲ್ವಾ ಅಮ್ಮ" ಅಂತ ವಾದ ಮಾಡ್ತಾನೆ. ನನಗೂ ಏನು ಹೇಳಬೇಕೋ ತಿಳಿಯಲಿಲ್ಲ.
(ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಮೊದಲು ಅದನ್ನು ಒಪ್ಪಿಕೊಳ್ಳಿ. ಮೂಲೆಯಿಂದ ಮೂಲೆಗೆ ಎಳೆದ ಗೆರೆ, ಅಂದರೆ ಕರ್ಣ, ಆಯತವನ್ನು ಎರಡು ಸಮ ಭಾಗ ಮಾಡುವುದು ಹೌದು. ಆದರೆ ನಾವು ಕೇಳುತ್ತಿರುವುದು ಅದನ್ನಲ್ಲ. ಸಮ ಭಾಗ ಆಗುವುದು ಬೇರೆ, ಮಡಚಿದಾಗ ಒಂದರ ಮೇಲೊಂದು ಕೂರುವುದು ಬೇರೆ. ನಾನು ನೋಡಿದ ಮಕ್ಕಳಲ್ಲಿ ಈ ಪಾಠದಲ್ಲಿ ಎಡವಿದವರು ಹೆಚ್ಚಿನವರು ಇಲ್ಲೇ ಎಡವಿದ್ದಾರೆ. ಅದಕ್ಕೆ ಕಾರಣವೂ ಇದೆ. "ಎರಡು ಸಮ ಭಾಗ ಮಾಡುವ ಗೆರೆ" ಅಂತ ನಾವೇ ಅವಸರದಲ್ಲಿ ಹೇಳಿಕೊಟ್ಟಿರುತ್ತೇವೆ. ಆ ಮಾತನ್ನೇ ಮಗು ಹಿಡಿದುಕೊಂಡಿರುತ್ತದೆ.

ಇವತ್ತೇ ಒಂದು ಹಳೆಯ ನೋಟ್‌ಬುಕ್ ಹಾಳೆ ಕಿತ್ತುಕೊಡಿ. ಬಾಯಲ್ಲಿ ಏನೂ ಹೇಳಬೇಡಿ. ಕರ್ಣದ ಮೇಲೆ ಮಡಚು ಅನ್ನಿ. ಮಡಚಿದ ಕೂಡಲೇ ಎರಡು ಮೂಲೆ ಎರಡು ಕಿವಿಯ ಹಾಗೆ ಹೊರಗೆ ಚಾಚಿಕೊಳ್ಳುತ್ತವೆ. ಕೂರಲಿಲ್ಲ ಅಂತ ಅವನೇ ಹೇಳುತ್ತಾನೆ. ಆಮೇಲೆ ಅದೇ ಗೆರೆಯ ಮೇಲೆ ಕತ್ತರಿಸಲಿ. ಎರಡು ತ್ರಿಭುಜ ಸಿಗುತ್ತವೆ. ಒಂದನ್ನು ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲೆ ಜಾರಿಸಿದರೆ ಚೆನ್ನಾಗಿ ಕೂರುತ್ತದೆ. ಅಂದರೆ ಭಾಗಗಳು ಸಮ ಇವೆ, ಆದರೆ ಕೂರಿಸಲು ತಿರುಗಿಸಬೇಕಾಯಿತು. ಸಮಮಿತಿ ರೇಖೆಯಲ್ಲಿ ತಿರುಗಿಸುವುದು ಇಲ್ಲ, ಮಗುಚುವುದು ಮಾತ್ರ. ದೋಸೆಯನ್ನು ಹಂಚಿನ ಮೇಲೆ ಸುತ್ತ ತಿರುಗಿಸುವುದಕ್ಕೂ ಮಗುಚಿ ಹಾಕುವುದಕ್ಕೂ ವ್ಯತ್ಯಾಸ ಇದೆಯಲ್ಲ, ಅದೇ ಇದು. ಈ ಎರಡು ಪದ, ತಿರುಗಿಸು ಮತ್ತು ಮಗುಚು, ಮಗುವಿನ ಬಾಯಿಗೆ ಬಂದರೆ ಮುಂದಿನ ಪಾಠ ಅರ್ಧ ಮುಗಿದ ಹಾಗೆ.

ಇನ್ನೂ ಒಂದು ಇದೆ, ನನಗೆ ತುಂಬಾ ಇಷ್ಟದ್ದು. ಮನೆಯಲ್ಲಿ ಚಿಕ್ಕ ಕನ್ನಡಿ ಇದ್ದರೆ ಆಯತದ ಕರ್ಣದ ಮೇಲೆ ನೇರ ನಿಲ್ಲಿಸಿ ನೋಡಲು ಹೇಳಿ. ಆಯತ ಕಾಣುವುದೇ ಇಲ್ಲ! ಗಾಳಿಪಟದ ಆಕಾರ ಕಾಣುತ್ತದೆ. ಕನ್ನಡಿಯನ್ನು ನಡುಗೆರೆಗೆ ತಂದರೆ ಆಯತ ಮತ್ತೆ ಪೂರ್ತಿ ಬರುತ್ತದೆ. ಆಕಾರ ಬದಲಾಯಿತು ಅಂದರೆ ಆ ಗೆರೆ ಸಮಮಿತಿ ರೇಖೆ ಅಲ್ಲ. ಇದನ್ನು ಒಮ್ಮೆ ಕಣ್ಣಾರೆ ನೋಡಿದ ಮಗು ಆಯತದ ಕರ್ಣದ ವಿಷಯದಲ್ಲಿ ಮತ್ತೆ ತಪ್ಪುವುದು ಕಡಿಮೆ.

ಹಾಗಾದರೆ ಚೌಕದಲ್ಲಿ ಕರ್ಣ ಯಾಕೆ ನಡೆಯುತ್ತದೆ ಅಂತ ಅವನು ಕೇಳಬಹುದು, ಕೇಳಲಿ. ಉದ್ದ ಹಾಳೆಯಿಂದ ಚೌಕ ಮಾಡುವುದು ಮಕ್ಕಳಿಗೆ ಗೊತ್ತು. ಮೂಲೆ ಎತ್ತಿ ಮಡಚಿ, ಜಾಸ್ತಿ ಉಳಿದ ಪಟ್ಟಿಯನ್ನು ಹರಿದುಹಾಕುತ್ತಾರೆ. ಆ ಪಟ್ಟಿ ಹೋದ ಮೇಲೆ ಮೂಲೆಯ ಎರಡೂ ಕಡೆಯ ಬದಿ ಒಂದೇ ಉದ್ದ ಆದವು, ಅದಕ್ಕೇ ಕೂತಿತು. ವಜ್ರಾಕೃತಿಯಲ್ಲೂ ಇದೇ ಕಾರಣಕ್ಕೆ ಎರಡೂ ಕರ್ಣ ನಡೆಯುತ್ತವೆ. ಗಾಳಿಪಟದ ಆಕಾರದಲ್ಲಿ ಒಂದು ಕರ್ಣ ಮಾತ್ರ. ಸಮಾಂತರ ಚತುರ್ಭುಜ ಮಾತ್ರ ಎಲ್ಲರನ್ನೂ ಸಿಕ್ಕಿಸುತ್ತದೆ. ಆಯತವನ್ನು ಒಂದು ಕಡೆ ತಳ್ಳಿ ಓರೆ ಮಾಡಿದ ಹಾಗೆ ಇರುವ ಆ ಆಕಾರಕ್ಕೆ ಒಂದೂ ಸಮಮಿತಿ ರೇಖೆ ಇಲ್ಲ. ಕತ್ತರಿಸಿ, ಎಲ್ಲಾ ಕಡೆ ಮಡಚಿ, ಸೋತು ಒಪ್ಪಿಕೊಳ್ಳಲಿ. ಸೊನ್ನೆ ಅನ್ನುವುದೂ ಒಂದು ಉತ್ತರ ಅಂತ ಮಕ್ಕಳಿಗೆ ಧೈರ್ಯ ಬರಬೇಕು.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್. ನನ್ನ ಮಕ್ಕಳು ನಿಂತ ಗೆರೆಯನ್ನು ಥಟ್ಟನೆ ಗುರುತಿಸುತ್ತಾರೆ. ಮಲಗಿದ ಗೆರೆಗೆ ಸ್ವಲ್ಪ ಯೋಚಿಸುತ್ತಾರೆ. ಓರೆ ಗೆರೆ ಅಂದರೆ ಕೈ ಎತ್ತಿಬಿಡುತ್ತಾರೆ. ಅದೇ ತ್ರಿಭುಜವನ್ನು ಸ್ವಲ್ಪ ಓರೆಯಾಗಿ ಬರೆದರೂ "ಇದಕ್ಕೆ ಗೆರೆ ಇಲ್ಲ ಮಿಸ್" ಅನ್ನುತ್ತಾರೆ. ಏನು ಮಾಡಲಿ?
(ಹೊಳಲ್ಕೆರೆ ತಾಲ್ಲೂಕು)

ಉತ್ತರ: ನಿಮ್ಮ ಮಕ್ಕಳ ತಪ್ಪಲ್ಲ ಇದು. ನಮ್ಮ ಮುಖ, ಚಿಟ್ಟೆಯ ಚಿತ್ರ, ಬಾಗಿಲು, ಗೋಪುರ, ನಾವು ತೋರಿಸುವ ಉದಾಹರಣೆಗಳಲ್ಲೆಲ್ಲ ಗೆರೆ ನಿಂತೇ ಇರುತ್ತದೆ. ಕಣ್ಣು ಅದಕ್ಕೇ ಒಗ್ಗಿಹೋಗಿದೆ.

ನಾನು ಮಾಡುವುದು ಹೀಗೆ. ಆಕಾರವನ್ನು ಮೊದಲು ಕೊಟ್ಟು ಗೆರೆ ಹುಡುಕು ಅನ್ನುವುದಿಲ್ಲ. ಗೆರೆ ಮೊದಲು. ಹಳೆಯ ಪೇಪರ್ ಕೊಟ್ಟು, ಹೇಗೆ ಬೇಕೋ ಹಾಗೆ ಒಮ್ಮೆ ಮಡಚಿ ಅನ್ನುತ್ತೇನೆ. ಮಡಿಕೆಯ ಕಡೆಯಿಂದ ಶುರು ಮಾಡಿ ಮನಸ್ಸಿಗೆ ಬಂದ ಹಾಗೆ ಕತ್ತರಿಸಿ, ಮತ್ತೆ ಮಡಿಕೆಗೇ ಬಂದು ನಿಲ್ಲಿಸುತ್ತಾರೆ. ಬಿಚ್ಚಿದರೆ ಒಂದು ಆಕಾರ, ನಡುವೆ ಮಡಿಕೆಯ ಗುರುತು. ಆ ಗುರುತೇ ಸಮಮಿತಿ ರೇಖೆ, ಅದು ಎಲ್ಲಿ ಅಂತ ಯಾರೂ ಹುಡುಕಬೇಕಿಲ್ಲ. ಈಗ ಅದನ್ನು ಗೋಡೆಗೆ ಓರೆಯಾಗಿ ಅಂಟಿಸಿ. ಮಡಿಕೆ ಮಾಯವಾಗಲಿಲ್ಲ ಅಲ್ವಾ? ಆಕಾರ ತಿರುಗಿದರೆ ಗೆರೆಯೂ ಅದರ ಜೊತೆಗೇ ತಿರುಗುತ್ತದೆ, ಬಿಟ್ಟುಹೋಗುವುದಿಲ್ಲ. ಹೀಗೆ ಮೂವತ್ತು ಮಕ್ಕಳ ಮೂವತ್ತು ಆಕಾರ ಗೋಡೆ ತುಂಬಾ ಬೇರೆ ಬೇರೆ ಓರೆಯಲ್ಲಿ ಇದ್ದರೆ, ಒಂದು ವಾರ ಅದನ್ನು ನೋಡುತ್ತಾ ಓಡಾಡಿದರೆ, ನಿಂತ ಗೆರೆಯ ಮೋಹ ತಾನಾಗಿ ಬಿಡುತ್ತದೆ.

ಬರೆಯುವ ಕೆಲಸಕ್ಕೆ ಚೌಕಳಿ ಹಾಳೆ ಬಳಸಿ. ಅರ್ಧ ಚಿತ್ರ ಕೊಟ್ಟು ಇನ್ನರ್ಧ ಪೂರ್ತಿ ಮಾಡು ಅನ್ನುವ ಲೆಕ್ಕದಲ್ಲಿ ಮಕ್ಕಳು ಚಿತ್ರವನ್ನು ಹಾಗೇ ಪಕ್ಕಕ್ಕೆ ನಕಲು ಮಾಡಿಬಿಡುತ್ತಾರೆ. ಪ್ರತಿ ಚುಕ್ಕಿಯೂ ಗೆರೆಯಿಂದ ಈ ಕಡೆ ಎಷ್ಟು ದೂರವೋ ಆ ಕಡೆಯೂ ಅಷ್ಟೇ ದೂರ, ಗೆರೆಯನ್ನು ನೇರವಾಗಿ ದಾಟಿಕೊಂಡು. ಚೌಕಗಳ ಮೂಲೆಯಿಂದ ಮೂಲೆಗೆ ಹೋಗುವ ಓರೆ ಗೆರೆ ಇದ್ದರೆ ಒಂದು ಸುಲಭ ದಾರಿ ಇದೆ. ಗೆರೆ ಎಡಗಡೆ ಕೆಳಗಿನ ಮೂಲೆಯಿಂದ ಮೇಲಕ್ಕೆ ಹತ್ತುತ್ತಿದೆ ಅಂದುಕೊಳ್ಳಿ. ಆ ಮೂಲೆಯಿಂದ ಬಲಕ್ಕೆ 3 ಮನೆ, ಮೇಲಕ್ಕೆ 1 ಮನೆ ಇರುವ ಚುಕ್ಕಿ, ಮಗುಚಿದಾಗ ಬಲಕ್ಕೆ 1, ಮೇಲಕ್ಕೆ 3 ಆಗುತ್ತದೆ. ಅಂಕಿ ಅದಲು ಬದಲು, ಅಷ್ಟೇ. ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಅವರೇ ಕಂಡುಹಿಡಿಯಲು ಬಿಡಿ, ಹೇಳಿಬಿಡಬೇಡಿ.

ಇನ್ನು ಎಣಿಕೆ. ಚೌಕಕ್ಕೆ 8 ಅನ್ನುವ ಮಗು ನಿಮ್ಮಲ್ಲೂ ಇರಬೇಕು. ಆ ಮಗು ಗೆರೆಯನ್ನಲ್ಲ, ಗೆರೆಯ ತುದಿಗಳನ್ನು ಎಣಿಸಿದೆ. ಒಂದೊಂದು ಗೆರೆಗೆ ಒಂದೊಂದು ಬಣ್ಣ ಕೊಟ್ಟು ಈ ತುದಿಯಿಂದ ಆ ತುದಿವರೆಗೆ ಎಳೆಸಿ. ಎಲ್ಲಾ ಬದಿ, ಎಲ್ಲಾ ಕೋನ ಸಮ ಇರುವ ಆಕಾರಕ್ಕೆ ಎಷ್ಟು ಬದಿಯೋ ಅಷ್ಟು ಗೆರೆ: ಸಮಬಾಹು ತ್ರಿಭುಜಕ್ಕೆ 3, ಚೌಕಕ್ಕೆ 4, ಪಂಚಭುಜಕ್ಕೆ 5, ಷಡ್ಭುಜಕ್ಕೆ 6. ಇದನ್ನು ಬಾಯಿಪಾಠ ಮಾಡಿಸುವ ಮೊದಲು ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಿಸಿ. ಪಂಚಭುಜದಲ್ಲಿ ಪ್ರತಿ ಗೆರೆಯೂ ಒಂದು ಮೂಲೆಯಿಂದ ಹೊರಟು ಎದುರು ಬದಿಯ ನಡುವಿಗೆ ಹೋಗುತ್ತದೆ. ಷಡ್ಭುಜದಲ್ಲಿ ಮೂರು ಗೆರೆ ಮೂಲೆಯಿಂದ ಮೂಲೆಗೆ, ಇನ್ನು ಮೂರು ಬದಿಯ ನಡುವಿನಿಂದ ಬದಿಯ ನಡುವಿಗೆ. ಈ ಎರಡನೇ ಮೂರನ್ನು ಮಕ್ಕಳು ಮರೆಯುತ್ತಾರೆ.

ಒಂದು ಪೀರಿಯಡ್ ಹೊರಗೆ ಕರೆದುಕೊಂಡು ಹೋಗಿ. ಅರಳಿ ಎಲೆ, ಬಿಲ್ವಪತ್ರೆ, ಬೇವಿನ ಎಲೆ ಆರಿಸಿ ತರಲಿ. ಅರಳಿ ಎಲೆ ನಡುನರದ ಮೇಲೆ ಮಡಚಿದರೆ ಹೆಚ್ಚುಕಡಿಮೆ ಕೂರುತ್ತದೆ. ಬೇವಿನದು ಕೂರುವುದಿಲ್ಲ, ನೀವೇ ನೋಡಿ. ಬುಡದ ಹತ್ತಿರ ನಡುನರದ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, ತುದಿ ಕುಡುಗೋಲಿನ ಹಾಗೆ ಬಾಗಿರುತ್ತದೆ. ಪ್ರತಿ ಯುಗಾದಿಗೂ ಕೈಯಲ್ಲಿ ಹಿಡಿದ ಎಲೆ, ಆದರೂ ಎಷ್ಟು ಜನ ಇದನ್ನು ಗಮನಿಸಿದ್ದೇವೆ?

ಪ್ರಶ್ನೆ: ರಾಷ್ಟ್ರಧ್ವಜಕ್ಕೆ ಎಷ್ಟು ಸಮಮಿತಿ ರೇಖೆ ಅಂತ ಟೆಸ್ಟ್‌ನಲ್ಲಿ ಕೇಳಿದ್ದರು. ಮಗಳು ಆಯತ ತಾನೆ ಅಂತ 2 ಬರೆದಳು. ತಪ್ಪು ಹಾಕಿದ್ದಾರೆ. ಬೇಜಾರು ಮಾಡಿಕೊಂಡಿದ್ದಾಳೆ. ಯಾರದ್ದು ಸರಿ?
(ಒಬ್ಬ ತಂದೆ, ಹರಿಹರ)

ಉತ್ತರ: ಬಣ್ಣ ಬಿಟ್ಟು ಬರೀ ಅಂಚು ನೋಡಿದರೆ 2. ಬಣ್ಣ ಸೇರಿಸಿದರೆ 1, ನಿಂತ ಗೆರೆ ಮಾತ್ರ. ಮಲಗಿದ ಗೆರೆಯ ಮೇಲೆ ಮಡಚಿದರೆ ಕೇಸರಿಯ ಮೇಲೆ ಹಸಿರು ಬಂದು ಕೂರುತ್ತದೆ. ನಡುವಿನ ಚಕ್ರದಿಂದ ತೊಂದರೆ ಇಲ್ಲ, ಅದರ 24 ಅರಗಳು ಎರಡೂ ಕಡೆ ಸಮವಾಗಿ ಹಂಚಿಕೊಂಡಿವೆ. ಹಳದಿ ಕೆಂಪಿನ ನಮ್ಮ ಕನ್ನಡ ಬಾವುಟಕ್ಕೂ ಇದೇ ಲೆಕ್ಕ. ಧ್ವಜ ಅಂತ ಕೇಳಿದ ಮೇಲೆ ಬಣ್ಣ ಸೇರಿಸಿಯೇ ನೋಡಬೇಕು, ಹಾಗಾಗಿ 1 ಸರಿ. ಆದರೂ ಪ್ರಶ್ನೆಯಲ್ಲಿ "ಬಣ್ಣವನ್ನೂ ಗಮನಿಸಿ" ಅಂತ ಒಂದು ಮಾತು ಇರಬೇಕಿತ್ತು. ಹತ್ತು ಹನ್ನೊಂದು ವರ್ಷದ ಮಗು ಆಯತ ಅಂತ ಗುರುತಿಸಿ, ಆಯತಕ್ಕೆ 2 ಅಂತ ಸರಿಯಾಗಿ ಹೇಳಿದೆ. ಆ ಯೋಚನೆಯನ್ನು ಮೊದಲು ಮೆಚ್ಚಿಕೊಳ್ಳಿ, ಆಮೇಲೆ ಬಣ್ಣದ ವಿಷಯ ಹೇಳಿ.

ನೀವು ಹರಿಹರದವರು, ನಿಮಗೆ ನಾನು ಬೇರೆ ಉದಾಹರಣೆ ಹುಡುಕಬೇಕಿಲ್ಲ. ಮಗಳನ್ನು ಹರಿಹರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಅವರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಅಲ್ಲಿನ ಮೂರ್ತಿಯಲ್ಲಿ ದೇವರ ಬಲಭಾಗ ಹರ, ಎಡಭಾಗ ಹರಿ. ನಡುವೆ ಒಂದು ಗೆರೆ ಇದೆ ಅಂದುಕೊಂಡರೆ ಎರಡು ಅರ್ಧ ಆಗುತ್ತವೆ. ಒಂದೇ ಮೈ, ಎರಡು ಸಮ ಪಾಲು, ಆದರೆ ಒಂದು ಪಾಲು ಇನ್ನೊಂದರ ಕನ್ನಡಿ ಪ್ರತಿಬಿಂಬ ಅಲ್ಲ. ಅಂಚು ನೋಡುವುದು ಬೇರೆ, ಒಳಗಿರುವುದನ್ನು ನೋಡುವುದು ಬೇರೆ ಅಂತ ಹೇಳಲು ಇಷ್ಟು ಚೆಂದದ ಜಾಗ ಇನ್ನೊಂದು ನನಗೆ ಗೊತ್ತಿಲ್ಲ. ನಮಸ್ಕಾರ ಮಾಡಿ ಹೊರಗೆ ಬಂದ ಮೇಲೆ, ಏನೇನು ವ್ಯತ್ಯಾಸ ಕಂಡೆ ಅಂತ ಕೇಳಿ. ಅವಳಿಗೆ ಟೆಸ್ಟ್‌ನ ಬೇಜಾರೂ ಮರೆತುಹೋಗುತ್ತದೆ.

ಪ್ರಶ್ನೆ: ಟೀಚರಮ್ಮ, ನಾನು ಶಾಲೆಗೆ ಜಾಸ್ತಿ ಹೋದವಳಲ್ಲ. ಮೊಮ್ಮಗಳಿಗೆ ರಂಗೋಲಿ ಹಾಕಿಸುತ್ತಾ, ಇದರಲ್ಲಿ ನಿನ್ನ ಪಾಠದ ಗೆರೆ ತೋರಿಸು ಅಂದೆ. ಎಲ್ಲಾ ತೋರಿಸಿದಳು. ಸ್ವಸ್ತಿಕಕ್ಕೆ ನಾಲ್ಕು ಗೆರೆ ಅಂದಳು. ಅವಳ ಅಣ್ಣ ಒಂದೂ ಇಲ್ಲ ಅಂತಾನೆ. ಅಷ್ಟು ಚೆಂದದ ಚಿತ್ರಕ್ಕೆ ಒಂದೂ ಇಲ್ಲ ಅಂದ್ರೆ ಹೆಂಗಮ್ಮ?
(ಒಬ್ಬ ಅಜ್ಜಿ, ಚಿತ್ರದುರ್ಗ, ಮೊಮ್ಮಗ ಬರೆದುಕೊಟ್ಟಿದ್ದಾನೆ)

ಉತ್ತರ: ಅಮ್ಮಾ, ನಿಮ್ಮ ಮೊಮ್ಮಗನದ್ದೇ ಸರಿ. ಆದರೆ ಮೊಮ್ಮಗಳಿಗೆ ಹಾಗೆ ಅನ್ನಿಸಿದ್ದರಲ್ಲೂ ಕಾರಣ ಇದೆ. ಸ್ವಸ್ತಿಕವನ್ನು ಕಾಲು ಸುತ್ತು ತಿರುಗಿಸಿದರೆ ಹಾಗೇ ಕಾಣುತ್ತದೆ. ಪೂರ್ತಿ ಒಂದು ಸುತ್ತಿನಲ್ಲಿ ನಾಲ್ಕು ಸಲ ಹಾಗೇ ಕಾಣುತ್ತದೆ. ಆ ನಾಲ್ಕು ಅವಳ ಮನಸ್ಸಿಗೆ ಹೊಳೆದಿದೆ. ಆದರೆ ಪಕ್ಕದಲ್ಲಿ ಕನ್ನಡಿ ಹಿಡಿದು ನೋಡಿ, ಕನ್ನಡಿಯೊಳಗಿನ ಸ್ವಸ್ತಿಕದ ಕೈಗಳು ಉಲ್ಟಾ ದಿಕ್ಕಿಗೆ ತಿರುಗಿರುತ್ತವೆ. ಮಗುಚಿದರೆ ಅದು ಬೇರೆಯದೇ ಆಗುತ್ತದೆ. ಮಕ್ಕಳು ಪೇಪರಿನಲ್ಲಿ ಮಾಡುವ ಗಿರಗಿಟ್ಲೆಯೂ ಹೀಗೇ. ಎಲ್ಲಾ ರೆಕ್ಕೆ ಒಂದೇ ಕಡೆ ಬಾಗಿರುವುದರಿಂದಲೇ ಅದು ಗಾಳಿಗೆ ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ಚೆಂದಕ್ಕೆ ಮಡಿಕೆಯ ಗೆರೆಯೇ ಬೇಕು ಅಂತಿಲ್ಲಮ್ಮ, ತಿರುಗುವ ಚೆಂದವೂ ಒಂದಿದೆ. ಅವರ ಪುಸ್ತಕದಲ್ಲಿ ಅದಕ್ಕೆ ಭ್ರಮಣ ಸಮಮಿತಿ ಅನ್ನುವ ಹೆಸರಿದೆ.

ನೀವು ಶಾಲೆಗೆ ಜಾಸ್ತಿ ಹೋಗಿಲ್ಲ ಅಂದಿರಿ. ಆದರೆ ಚುಕ್ಕಿ ಇಡುವಾಗಲೇ ನೀವು ಈ ಪಾಠ ಮಾಡಿ ಮುಗಿಸಿರುತ್ತೀರಿ. 7 ಚುಕ್ಕಿ 7 ಸಾಲು ನೇರ ಇಟ್ಟರೆ 49 ಚುಕ್ಕಿಯ ಚೌಕ. ಅದಕ್ಕೆ 4 ಗೆರೆ. ಅದೇ 7ರಿಂದ 4ಕ್ಕೆ ಸಂದು ಚುಕ್ಕಿ ಇಟ್ಟರೆ, ನಡುಸಾಲು 7, ಮೇಲೆ ಕೆಳಗೆ 6, 5, 4 ಆಗಿ ಒಟ್ಟು 37 ಚುಕ್ಕಿ, ಆರು ಮೂಲೆ. ಅದಕ್ಕೆ 6 ಗೆರೆ. ಚುಕ್ಕಿಯನ್ನು ಸಂದಿಗೆ ಸರಿಸಿದ್ದಕ್ಕೇ ನಾಲ್ಕು ಹೋಗಿ ಆರಾಯಿತು! ಇದನ್ನು ಮೊಮ್ಮಗಳಿಗೆ ಅಂಗಳದಲ್ಲೇ ತೋರಿಸಿ. ಎರಡು ತ್ರಿಕೋನ ಸೇರಿಸಿದ ನಕ್ಷತ್ರ ಯಾಕೆ ಸಂದು ಚುಕ್ಕಿಯಲ್ಲಿ ಸಲೀಸಾಗಿ ಬರುತ್ತದೆ, ನೇರ ಚುಕ್ಕಿಯಲ್ಲಿ ಯಾಕೆ ಸೊಟ್ಟ ಆಗುತ್ತದೆ ಅಂತ ಅವಳಿಗೆ ತಾನಾಗಿ ತಿಳಿಯುತ್ತದೆ. ಆಮೇಲೆ ಅವಳು ಬಣ್ಣ ತುಂಬಲಿ, ತುಂಬಿದ ಮೇಲೆ ಆರರಲ್ಲಿ ಎಷ್ಟು ಉಳಿದವು ಅಂತ ಎಣಿಸಲಿ.

ಪ್ರಶ್ನೆ: ನಾನು ಐದನೇ ಕ್ಲಾಸು. ವೃತ್ತಕ್ಕೆ ಎಷ್ಟು ಸಮಮಿತಿ ರೇಖೆ? ನಾನು ನೂರು ಎಳೆದೆ, ಇನ್ನೂ ಜಾಗ ಇತ್ತು.
(ದಾವಣಗೆರೆ)

ಉತ್ತರ: ಪುಟ್ಟಾ, ನೂರು ಎಳೆದೆಯಾ! ಪೆನ್ಸಿಲ್ ಎಷ್ಟು ಚೂಪು ಮಾಡಿದರೂ ಜಾಗ ಮುಗಿಯುವುದಿಲ್ಲ. ನಡುವಿನ ಬಿಂದುವನ್ನು ದಾಟಿ ಹೋಗುವ ಯಾವ ಗೆರೆಯಾದರೂ ಸರಿ, ವೃತ್ತ ಅದರ ಮೇಲೆ ಮಡಚಿ ಕೂರುತ್ತದೆ. ಅದಕ್ಕೆ ಲೆಕ್ಕ ಇಲ್ಲ, ಅಸಂಖ್ಯ ಅಂತ ಬರಿ.

ಈಗ ನಿನಗೊಂದು ಪ್ರಶ್ನೆ. ಬೆಣ್ಣೆ ದೋಸೆ ತಿನ್ನಲು ಹೋದಾಗ ಯೋಚನೆ ಮಾಡು. ದೋಸೆ ಸರಿಯಾಗಿ ದುಂಡಗಿದೆ ಅಂದುಕೋ. ಮೇಲೆ ದುಂಡಗಿನ ಬೆಣ್ಣೆ ಮುದ್ದೆ. ಅದು ಸರಿಯಾಗಿ ನಡುವೆ ಇದ್ದರೆ ಗೆರೆ ಈಗಲೂ ಅಸಂಖ್ಯ. ಅದು ಸ್ವಲ್ಪ ಪಕ್ಕಕ್ಕೆ ಜಾರಿತು ಅಂದುಕೋ. ಈಗ ಎಷ್ಟು ಗೆರೆ ಉಳಿಯಿತು? ತಟ್ಟೆಯ ಮುಂದೆ ಕೂತು ಯೋಚಿಸು, ಆದರೆ ಬೆಣ್ಣೆ ಕರಗುವುದರೊಳಗೆ ಹೇಳಬೇಕು. (ಉತ್ತರ: ಒಂದೇ ಒಂದು. ದೋಸೆಯ ನಡುವನ್ನೂ ಬೆಣ್ಣೆಯ ನಡುವನ್ನೂ ಸೇರಿಸುವ ಗೆರೆ.)

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಮಗಳು ಸಮಮಿತಿ ಅರ್ಥ ಆಗಲ್ಲ ಅಂತ ಅಳ್ತಾಳೆ. ಟ್ಯೂಷನ್‌ಗೆ ಹಾಕಲೇಬೇಕಾ?
(ಚಳ್ಳಕೆರೆ)

ಉತ್ತರ: ಬೇಡ. ಈ ಪಾಠಕ್ಕೆ ನಿಮಗಿಂತ ಒಳ್ಳೆಯ ಟೀಚರ್ ಅವಳಿಗೆ ಸಿಗುವುದಿಲ್ಲ, ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಬ್ಯಾಕ್ ಪೀಸ್ ಹೇಗೆ ಕಟ್ ಮಾಡುತ್ತೀರಿ? ಬಟ್ಟೆ ಎರಡು ಮಡಿಕೆ ಹಾಕಿ, ಮಡಿಕೆಯ ಕಡೆಗೆ ಕತ್ತಿನ ಅರ್ಧ ಮಾತ್ರ ಗುರುತು ಮಾಡಿ ಕತ್ತರಿಸುತ್ತೀರಿ. ಬಿಚ್ಚಿದರೆ ಪೂರ್ತಿ ಕತ್ತು. ಆ ಮಡಿಕೆಯೇ ಅವಳ ಪುಸ್ತಕದ ಸಮಮಿತಿ ರೇಖೆ. ತೋಳನ್ನೂ ಮಡಚಿಯೇ ಕಟ್ ಮಾಡುತ್ತೀರಿ. ಆದರೆ ಆಮೇಲೆ ಬಿಚ್ಚಿ, ಮುಂದಿನ ಕಡೆ ಸ್ವಲ್ಪ ಜಾಸ್ತಿ ಒಳಗೆ ತೆಗೆಯುತ್ತೀರಲ್ಲ, ಆ ಕ್ಷಣದಲ್ಲಿ ತೋಳಿನ ಸಮಮಿತಿ ಹೋಯಿತು. ಮುಂದಿನ ಎರಡು ಪೀಸ್ ತೆಗೆದುಕೊಳ್ಳಿ. ಒಂದೊಂದನ್ನೇ ನೋಡಿದರೆ ಯಾವುದಕ್ಕೂ ಗೆರೆ ಇಲ್ಲ. ಆದರೆ ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಎರಡೂ ಪೀಸನ್ನು ಬಟ್ಟೆಯ ಒಂದೇ ಮಗ್ಗುಲು ಮೇಲಿಟ್ಟು ಒಂದೇ ಕಡೆಗೆ ಮುಖ ಮಾಡಿ ಕತ್ತರಿಸಿಬಿಟ್ಟರೆ ಎರಡೂ ಬಲಗಡೆಯದೇ ಆಗಿ ಬಟ್ಟೆ ಹಾಳಾಗುತ್ತದೆ. ಹೊಲಿಗೆ ಕಲಿಯುವ ಹೊಸದರಲ್ಲಿ ಈ ತಪ್ಪು ಮಾಡದವರು ಕಡಿಮೆ. ಮಗುಚುವುದು ಅಂದರೆ ಏನು ಅಂತ ನಿಮ್ಮ ಕೈಗೆ ಗೊತ್ತು. ಅದನ್ನು ಅವಳಿಗೆ ತೋರಿಸಿದರೆ ಸಾಕು.

ಹಳೆಯ ಪೇಪರ್ ಕೊಟ್ಟು ನಿಮ್ಮ ಪಕ್ಕ ಕೂರಿಸಿಕೊಳ್ಳಿ. ಮೊದಲು ಒಂದು ಮಡಿಕೆ, ಆಮೇಲೆ ಎರಡು. ಮಡಿಕೆ ಹಾಕಿದ ಕಡೆ ಒಂದು ಚೂರು ಕತ್ತರಿಸಲಿ. ಬಿಚ್ಚುವ ಮೊದಲು, ಬಿಚ್ಚಿದರೆ ಹೇಗೆ ಕಾಣುತ್ತೆ ಅಂತ ಸ್ಲೇಟಿನ ಮೇಲೆ ಬರೆದು ತೋರಿಸಲಿ. ಆಮೇಲೆ ಬಿಚ್ಚಿ ಎರಡನ್ನೂ ಪಕ್ಕ ಪಕ್ಕ ಇಡಲಿ. ಮೊದಲ ಎರಡು ಮೂರು ಸಲ ತಪ್ಪಾಗುತ್ತದೆ, ಆಗಲಿ ಬಿಡಿ. ಹತ್ತನೇ ಸಲಕ್ಕೆ ಹೇಗೆ ಬಂತು ಅಂತ ನನಗೆ ಬರೆಯಿರಿ. ಅವಳು ಕತ್ತರಿಸಿದ್ದರಲ್ಲಿ ಒಂದನ್ನು ಕವರಿನಲ್ಲಿ ಹಾಕಿ ಕಳಿಸಿದರೆ ಇನ್ನೂ ಖುಷಿ.